ರಿಸ್ಟೋರ್ ಮಾಡೋದು ಸರಿ, ಯಾವ ತಾರೀಖಿಗೆ? ಕಟ್ಟುಹಾವಿನ ಹೆಸರಿನ ಒಂದು ಮರದ ದೋಣಿಯ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೀಟಿಂಗ್ ನಡುವೆ ಮ್ಯೂಟ್ ಮಾಡಿಕೊಂಡು ಓದುವವರಿಗೆ, ಎಂದಿನಂತೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಕ್ಯಾಮೆರಾ ಮುಂದೆ ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿದ್ದೇನೆ.

ಒಂದು ಭಾನುವಾರ ಮಗಳನ್ನು ಕರಕೊಂಡು ತಾಂಬರಂನಿಂದ ಮೊಸಳೆ ಪಾರ್ಕ್‌ಗೆ ಹೋಗಿದ್ದೆ. ಚೆನ್ನೈಯಲ್ಲಿರುವ ನಮ್ಮವರಿಗೆ ಗೊತ್ತಿರತ್ತೆ, ಊರಿಂದ ನೆಂಟರು ಬಂದರೆ ನಾವು ತೋರಿಸೋ ಜಾಗಗಳು ಮೂರೇ: ಮರೀನಾ ಬೀಚು, ಮಹಾಬಲಿಪುರ, ದಾರಿಯಲ್ಲಿ ವಡನೆಮ್ಮೇಲಿಯ ಮೊಸಳೆ ಪಾರ್ಕು. ವಂಡಲೂರು, ಕೇಳಂಬಾಕ್ಕಂ ದಾಟಿ ಕೋವಳಂ ಹತ್ತಿರ ಈಸಿಆರ್ ಸೇರಿದರೆ ಆಯ್ತು. ಆ ಪಾರ್ಕಿನೊಳಗೇ ಇರುಳರ ಹಾವು ಹಿಡಿಯುವ ಸಹಕಾರ ಸಂಘ ಇದೆ. ನಮ್ಮ ರಾಮನಗರದ ಕಡೆ ಇರುಳಿಗರು ಅಂತೀವಲ್ಲ, ಅವರ ಬಳಗವೇ. 1978ರಲ್ಲಿ ಶುರುವಾದ ಸಂಘ ಅದು. ನಾಗರಹಾವು, ಮಂಡಲದ ಹಾವು, ಗರಗಸ ಮಂಡಲ, ಕಟ್ಟುಹಾವು, ಈ ನಾಲ್ಕರ ವಿಷ ತೆಗೆದು ಔಷಧಿ ತಯಾರಿಸುವವರಿಗೆ ಕೊಡುತ್ತಾರೆ. ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಹುಟ್ಟೋದು ಇಂಥ ವಿಷದಿಂದಲೇ.

ಅಲ್ಲಿ ಹಾವುಗಳನ್ನು ಮಣ್ಣಿನ ಮಡಕೆಯಲ್ಲಿ ಇಟ್ಟಿರುತ್ತಾರೆ, ಬಾಯಿಗೆ ಬಟ್ಟೆ ಕಟ್ಟಿ. ಒಂದು ಮಡಕೆಯಿಂದ ಕಟ್ಟುಹಾವು ಹೊರಗೆ ಬಂತು. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳಗೆ ಬಿಳಿ ಪಟ್ಟೆ. ನಾಗರಹಾವಿನ ಥರ ಹೆಡೆ ಇಲ್ಲ, ಬುಸ್ ಅನ್ನೋದಿಲ್ಲ. ಹಗಲು ಹೊತ್ತು ಸುಮ್ಮನೆ ಸುರುಳಿ ಸುತ್ತಿಕೊಂಡಿರತ್ತೆ. ಓಡಾಡೋದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗೋದಿಲ್ಲ, ಅಷ್ಟು ಚಿಕ್ಕ ಹಲ್ಲು. ಬೆಳಗಾಗುವಷ್ಟರಲ್ಲಿ ಉಸಿರಾಟವೇ ನಿಂತಿರಬಹುದು. ತಮಿಳಿನವರು ಕಟ್ಟುವಿರಿಯನ್ ಅಂತಾರೆ. ಹಿಂದಿಯ ಕರೈತ್ ಇಂಗ್ಲಿಷಿಗೆ ಹೋಗಿ ಕ್ರೇಟ್ ಆಯ್ತು.

"ಅಪ್ಪಾ, ಈ ಹೆಸರಲ್ಲಿ ಒಂದು ಬೋಟ್ ಇದ್ಯಂತೆ" ಅಂದಳು ಮಗಳು. ಅವಳ ಕೈಯಲ್ಲಿ ನನ್ನ ಫೋನು. ಹುಡುಕಿದ್ದು ಹಾವನ್ನು, ಸಿಕ್ಕಿದ್ದು ದೋಣಿ. ಎಂವಿ ಕ್ರೇಟ್. ಸಿಡ್ನಿಯ ವಸ್ತುಸಂಗ್ರಹಾಲಯದ ಎದುರಿನ ನೀರಿನಲ್ಲಿ ತೇಲುತ್ತಾ ಇರುವ ಮರದ ಮೋಟಾರ್ ದೋಣಿ.

ಸಿಡ್ನಿಯ ದೋಣಿಗೆ ನಮ್ಮ ಹೊಲದ ಬದುವಿನ ಹಾವಿನ ಹೆಸರು ಹೇಗೆ ಬಂತು? ಅಲ್ಲಿಂದ ಶುರುವಾದ ಓದು ನನ್ನನ್ನು ನಾಗಪಟ್ಟಿಣಂಗೆ ಕರಕೊಂಡು ಹೋಯ್ತು, ಆಮೇಲೆ ನಮ್ಮ ಸಾಗರದ ಹಿನ್ನೀರಿಗೂ ಕರಕೊಂಡು ಹೋಯ್ತು.

ಮೀನು ಹೊರುತ್ತಿದ್ದ ದೋಣಿ

ಇದು ಹುಟ್ಟಿದ್ದು ಜಪಾನಿನಲ್ಲಿ, 1934ರಲ್ಲಿ. ಹೆಸರು ಕೋಫುಕು ಮಾರು. ಉದ್ದ ಸುಮಾರು 70 ಅಡಿ, ಅಗಲ 11 ಅಡಿ. ನಮ್ಮ ಎರಡು ಸಿಟಿ ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ, ಆದರೆ ಕಿರಿದು. ಸಿಂಗಾಪುರದ ಸುತ್ತಮುತ್ತ ಮೀನುಗಾರಿಕೆಯ ಕೆಲಸಕ್ಕಿತ್ತು. ಡೀಸೆಲ್ ಇಂಜಿನ್ ಇದ್ದ, ಯಾರೂ ತಿರುಗಿ ನೋಡದ ಸಾಧಾರಣ ದೋಣಿ.

1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಸಿಂಗಾಪುರದಲ್ಲಿದ್ದ ಬ್ರಿಟಿಷರು ಜಪಾನಿ ದೋಣಿಗಳನ್ನು ವಶಕ್ಕೆ ತೆಗೆದುಕೊಂಡರು, ಅದರಲ್ಲಿ ಇದೂ ಒಂದು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರವೇ ಬಿತ್ತು. ಬೀಳುವ ಮುಂಚಿನ ದಿನಗಳಲ್ಲಿ ಜನ ಸಿಕ್ಕ ಸಿಕ್ಕ ಹಡಗು ಹತ್ತಿ ಸುಮಾತ್ರದ ಕಡೆ ಓಡಿದರು. ಜಪಾನಿ ವಿಮಾನಗಳು ಆ ಹಡಗುಗಳನ್ನು ಮುಳುಗಿಸಿದವು. ಬದುಕುಳಿದವರು ನೀರಿಲ್ಲದ, ಅನ್ನವಿಲ್ಲದ ಪುಟ್ಟ ಪುಟ್ಟ ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡರು.

ಬಿಲ್ ರೆನಾಲ್ಡ್ಸ್ ಎಂಬ ಆಸ್ಟ್ರೇಲಿಯದ ಹಡಗು ಕಪ್ತಾನ ಈ ಮೀನಿನ ದೋಣಿ ತೆಗೆದುಕೊಂಡು ಆ ದ್ವೀಪಗಳ ನಡುವೆ ಓಡಾಡಿದ. ಅಲ್ಲಿದ್ದವರನ್ನು ತುಂಬಿಕೊಂಡು ಸುಮಾತ್ರದ ಇಂದ್ರಗಿರಿ ನದಿಯೊಳಗೆ ತಂದು ಬಿಟ್ಟ. ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಹಾಗೆ ಉಳಿದವರು 1,100ಕ್ಕೂ ಹೆಚ್ಚು ಜನ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಗೆ ಇದಕ್ಕೆ ವಾಪಸ್ ಬರಬೇಕು.

ಸುಮಾತ್ರವೂ ಜಪಾನಿನ ಕೈಗೆ ಹೋಗುತ್ತಿದ್ದಾಗ ರೆನಾಲ್ಡ್ಸ್ ದೋಣಿಯನ್ನು ಮಲಾಕ್ಕಾ ಜಲಸಂಧಿಯಲ್ಲಿ ತೂರಿಸಿ, ಬಂಗಾಳ ಕೊಲ್ಲಿ ದಾಟಿಸಿ, 1942ರ ಮಾರ್ಚ್ ಕೊನೆಯ ಹೊತ್ತಿಗೆ ಒಂದು ಬಂದರು ಮುಟ್ಟಿದ. ಆ ಬಂದರು ನಾಗಪಟ್ಟಿಣಂ.

ನಾಗಪಟ್ಟಿಣಂನಲ್ಲಿ ಒಂದು ದಿನ

ತಾಂಬರಂನಲ್ಲಿದ್ದುಕೊಂಡು ನಾಗಪಟ್ಟಿಣಂ ನೋಡದಿದ್ದರೆ ಹೇಗೆ? ರಾತ್ರಿ ಕಾರೈಕಾಲ್ ರೈಲು ಹತ್ತಿದರೆ ಬೆಳಗ್ಗೆ ಇಳಿಯಬಹುದು. ಹೋದೆ.

ಈ ಬಂದರಿಗೂ ಸುಮಾತ್ರಕ್ಕೂ ಸಾವಿರ ವರ್ಷದ ನಂಟು. ಸುಮಾತ್ರದ ಶ್ರೀವಿಜಯ ರಾಜ್ಯದ ಅರಸರು ಇಲ್ಲಿ ಚೂಡಾಮಣಿ ವಿಹಾರ ಅನ್ನೋ ಬೌದ್ಧ ವಿಹಾರ ಕಟ್ಟಿಸಿದರು. ಅದಕ್ಕೆ ರಾಜರಾಜ ಚೋಳ ಆನೈಮಂಗಲಂ ಎಂಬ ಊರನ್ನು ದತ್ತಿ ಬಿಟ್ಟ. ಲೈಡನ್ ತಾಮ್ರಪಟಗಳು ಎಂದು ಹೆಸರಾದ ಶಾಸನ ಅದೇ. ಅಂದರೆ ಸುಮಾತ್ರದಿಂದ ಹೊರಟ ಮರದ ಹಡಗು ನಾಗಪಟ್ಟಿಣಂಗೆ ಬಂದು ನಿಲ್ಲೋದು ಇಲ್ಲಿನ ಕಡಲಿಗೆ ಹೊಸತೇನಲ್ಲ. ಆಮೇಲೆ ಪೋರ್ಚುಗೀಸರು ಬಂದರು, ಡಚ್ಚರು ಬಂದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ಅತಿ ಹೆಚ್ಚು ಜೀವ ಹೋದದ್ದೂ ಇದೇ ಜಿಲ್ಲೆಯಲ್ಲಿ. ಅದನ್ನು ತಂದ ಅಲೆ ಎದ್ದದ್ದೂ ಸುಮಾತ್ರದ ಪಕ್ಕದಲ್ಲೇ.

1942ರ ಆ ವಾರದ ಸ್ಥಿತಿ ಯೋಚಿಸಿ. ಕೋಫುಕು ಮಾರು ಬಂದು ಒಂದೇ ವಾರಕ್ಕೆ, ಏಪ್ರಿಲ್ 5ಕ್ಕೆ, ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದವು. ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡ. ಅದೇ ತಿಂಗಳು ಮದ್ರಾಸ್ ಖಾಲಿ ಮಾಡಿ ಅಂತ ಸರ್ಕಾರವೇ ಹೇಳಿತು. ಜನ ಸಿಕ್ಕ ರೈಲು ಹತ್ತಿ ಒಳನಾಡಿಗೆ ಹೋದರು. ಮೃಗಾಲಯದ ಹುಲಿ ಸಿಂಹಗಳು ಬಾಂಬ್ ಬಿದ್ದರೆ ತಪ್ಪಿಸಿಕೊಂಡಾವು ಅಂತ ಅವನ್ನು ಗುಂಡಿಟ್ಟು ಕೊಂದರು. ನಾವು ಲಾಕ್‌ಡೌನ್ ಶುರುವಾದಾಗ ತಾಂಬರಂ, ಪಲ್ಲಾವರಂ ಬಿಟ್ಟು ಊರಿಗೆ ಓಡಿದೆವಲ್ಲ, ಅವತ್ತೂ ಈ ಪಟ್ಟಣಕ್ಕೆ ಅಂಥದೇ ಒಂದು ದಿಗಿಲು.

ನಾಗಪಟ್ಟಿಣಂ ಬಂದರಿನ ಹತ್ತಿರ ಟೀ ಅಂಗಡಿಯಲ್ಲಿ ಕೂತು, ನನ್ನ ಮುರುಕು ತಮಿಳಲ್ಲಿ ಈ ಕಥೆ ಹೇಳಿದೆ. ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಅವರಿಗೆ ಹೊಸ ಸುದ್ದಿ. "ಮರದ ಬೋಟಾ? ಈಗ ಎಲ್ಲ ಫೈಬರ್ ಸಾರ್" ಅಂದರು. ಸುನಾಮಿ ಆದ ಮೇಲೆ ಪರಿಹಾರದ ಜೊತೆ ಬಂದ ಫೈಬರ್ ದೋಣಿಗಳು ಕಟ್ಟುಮರಗಳ ಜಾಗ ಹಿಡಿದವು. ಇಂಗ್ಲಿಷಿನವರಿಗೆ ಕ್ಯಾಟಮರಾನ್ ಅನ್ನೋ ಪದ ಕೊಟ್ಟ ದೋಣಿ ಅದರ ತವರಿನಲ್ಲೇ ಅಪರೂಪ ಆಗ್ತಾ ಇದೆ. ನಾನು ಅಡ್ಡಾಡಿದ ಕಡೆಗಳಲ್ಲಿ ಕೋಫುಕು ಮಾರು ಬಂದದ್ದರ ಬಗ್ಗೆ ಒಂದು ಬೋರ್ಡೂ ಕಾಣಲಿಲ್ಲ.

ಹೆಸರು ಬದಲಾಯ್ತು

ಮುಂದಿನ ಕಥೆ ಬೇಗ ಹೇಳ್ತೀನಿ, ಯಾಕಂದ್ರೆ ಸಿನಿಮಾ ಥರ ಇರುವ ಈ ಭಾಗ ಎಲ್ಲರಿಗೂ ಬೇಗ ಸಿಗತ್ತೆ.

ಸುಮಾತ್ರದಲ್ಲೇ ರೆನಾಲ್ಡ್ಸ್‌ಗೆ ಐವನ್ ಲಯನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪರಿಚಯವಾಗಿದ್ದ. ಇಬ್ಬರ ತಲೆಯಲ್ಲೂ ಒಂದೇ ಆಲೋಚನೆ: ಜಪಾನಿ ದೋಣಿಯನ್ನು ಜಪಾನಿನವರು ಅನುಮಾನಿಸೋದಿಲ್ಲ. ಇದರಲ್ಲೇ ವಾಪಸ್ ಸಿಂಗಾಪುರಕ್ಕೆ ಹೋದರೆ? ಭಾರತದಲ್ಲಿ ಇಬ್ಬರೂ ಮತ್ತೆ ಸೇರಿದರು, ಯೋಜನೆ ರೂಪುಗೊಂಡಿತು. ದೋಣಿಗೆ ಕ್ರೇಟ್ ಅಂತ ಹೆಸರಿಟ್ಟರು. ಚಿಕ್ಕದು, ಸದ್ದಿಲ್ಲದ್ದು, ರಾತ್ರಿ ಬರುವಂಥದ್ದು, ಕಚ್ಚಿದ್ದು ಗೊತ್ತಾಗದಂಥದ್ದು. ಆ ಹಾವನ್ನು ಬಲ್ಲವರಿಗೆ ಈ ಹೆಸರು ಎಷ್ಟು ಸರಿ ಅಂತ ತಕ್ಷಣ ತಿಳಿಯತ್ತೆ. ದೋಣಿಯನ್ನು ಬೊಂಬಾಯಿಯಿಂದ ದೊಡ್ಡ ಹಡಗಿನ ಡೆಕ್ ಮೇಲೆ ಹೊರಿಸಿ ಆಸ್ಟ್ರೇಲಿಯಕ್ಕೆ ಕಳಿಸಿದರು.

ಅಲ್ಲಿ ಹಳೆ ಇಂಜಿನ್ ಪದೇ ಪದೇ ಕೈಕೊಟ್ಟಿತು. ಕೊನೆಗೆ ಗಾರ್ಡ್ನರ್ ಕಂಪನಿಯ ಆರು ಸಿಲಿಂಡರಿನ ಡೀಸೆಲ್ ಇಂಜಿನ್ ಕೂರಿಸಿದರು. 1943ರ ಸೆಪ್ಟೆಂಬರ್ 2ಕ್ಕೆ ಪಶ್ಚಿಮ ಆಸ್ಟ್ರೇಲಿಯದ ಎಕ್ಸ್‌ಮತ್‌ನಿಂದ 14 ಜನ ಹೊರಟರು. ಹೊರಡುತ್ತಲೇ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆ ಮುರಿಯಿತು. ಅಲ್ಲೇ ಇದ್ದ ಅಮೆರಿಕನ್ ನೌಕೆಯವರು ರಿಪೇರಿ ಮಾಡಿಕೊಟ್ಟರು. ಪ್ರೊಡಕ್ಷನ್‌ಗೆ ಹೋದ ದಿನವೇ ಬಗ್ ಬಂದ ಹಾಗೆ, ನಮಗೆಲ್ಲ ಗೊತ್ತಿರೋದೇ. ಮೈಗೆ ಕಂದು ಬಣ್ಣ ಬಳಿದುಕೊಂಡು, ಸರೋಂಗ್ ಉಟ್ಟು, ಜಪಾನಿ ಬಾವುಟ ಹಾರಿಸಿಕೊಂಡು ಲಾಂಬೋಕ್ ಜಲಸಂಧಿ ದಾಟಿದರು. ಸಿಂಗಾಪುರದ ಹತ್ತಿರದ ದ್ವೀಪವೊಂದರಲ್ಲಿ ಆರು ಜನ ಇಳಿದು, ಮಡಚುವ ಮೂರು ಪುಟ್ಟ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ಹೋದರು. ಸೆಪ್ಟೆಂಬರ್ 26ರ ರಾತ್ರಿ ಬಂದರಿನಲ್ಲಿ ನಿಂತ ಹಡಗುಗಳ ಹೊಟ್ಟೆಗೆ ಆಯಸ್ಕಾಂತದಿಂದ ಅಂಟಿಕೊಳ್ಳುವ ಬಾಂಬ್ ಅಂಟಿಸಿದರು. ಬೆಳಗಾಗುವ ಹೊತ್ತಿಗೆ ಆರೇಳು ಹಡಗುಗಳು ಮುಳುಗಿದವು ಇಲ್ಲವೇ ಹಾಳಾದವು.

ಕ್ರೇಟ್ ಅಷ್ಟು ದಿನ ಬೋರ್ನಿಯೊ ಕಡೆ ಸುತ್ತಾಡಿಕೊಂಡಿದ್ದು, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದು ಆ ಆರು ಜನರನ್ನು ಹತ್ತಿಸಿಕೊಂಡಿತು. ವಾಪಸ್ ಬರುವಾಗ ಲಾಂಬೋಕ್‌ನಲ್ಲಿ ಜಪಾನಿ ಯುದ್ಧನೌಕೆಯೊಂದು ಪಕ್ಕಕ್ಕೇ ಬಂದು, ಸ್ವಲ್ಪ ಹೊತ್ತು ಜೊತೆಗೇ ಸಾಗಿ, ಏನೂ ಕೇಳದೆ ಹೊರಟುಹೋಯಿತು. ಅಕ್ಟೋಬರ್ 19ಕ್ಕೆ 14 ಜನವೂ ಎಕ್ಸ್‌ಮತ್ ತಲುಪಿದರು. ಕಾರ್ಯಾಚರಣೆಯ ಹೆಸರು ಜೇವಿಕ್. ಸಿಂಗಾಪುರದಲ್ಲಿ ಪಾಯಿಖಾನೆಯ ವಾಸನೆ ಹೋಗಲಾಡಿಸಲು ಮಾರುತ್ತಿದ್ದ ಒಂದು ಬ್ರಾಂಡಿನ ಹೆಸರು ಅದು.

ಕಚ್ಚಿದ್ದು ಯಾರನ್ನು?

ಇಲ್ಲಿಗೆ ಸಿನಿಮಾ ಮುಗಿಯತ್ತೆ. ಆದರೆ ಇತಿಹಾಸ ಮುಗಿಯೋದಿಲ್ಲ.

ಈ ದಾಳಿ ಮಾಡಿದ್ದು ನಾವೇ ಅಂತ ಮಿತ್ರಪಡೆಗಳು ಹೇಳಿಕೊಳ್ಳಲಿಲ್ಲ. ಗುಟ್ಟು ಉಳಿಸಿಕೊಂಡರೆ ಇದೇ ಉಪಾಯ ಮತ್ತೊಮ್ಮೆ ಬಳಸಬಹುದಿತ್ತಲ್ಲ. ಹಾಗಾಗಿ ಜಪಾನಿನ ಸೇನಾ ಪೊಲೀಸರಾದ ಕೆಂಪೈತಾಯ್‌ಗಳು ಇದು ಊರಿನ ಒಳಗಿನವರದೇ ಕೆಲಸ ಅಂದುಕೊಂಡರು. 1943ರ ಅಕ್ಟೋಬರ್ 10ಕ್ಕೆ ದಾಳಿ ಶುರು. ಬಂಧಿಸಿದ್ದು 57 ಜನರನ್ನು. ಜೈಲಿನಲ್ಲಿ ಮೊದಲೇ ಕೂಡಿಟ್ಟಿದ್ದ ಬಿಳಿಯರು, ಊರಿನ ಸಾಮಾನ್ಯ ನಾಗರಿಕರು. ಅವರಲ್ಲಿ ಯಾರಿಗೂ ಕ್ರೇಟ್ ಬಗ್ಗೆ ಏನೂ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಚಿತ್ರಹಿಂಸೆ ನಡೆಯಿತು, 15 ಜನ ಸತ್ತರು. ಗಂಡನ ಜೊತೆ ಕ್ಯಾಂಟೀನ್ ನಡೆಸುತ್ತಿದ್ದ ಎಲಿಜಬೆತ್ ಚಾಯ್ ಸುಮಾರು 200 ದಿನ ಒಳಗಿದ್ದು ಬದುಕಿ ಬಂದರು. 10ನೇ ತಿಂಗಳ 10ನೇ ದಿನ ಅಂತ ಸಿಂಗಾಪುರದವರು ಇದನ್ನು ಡಬಲ್ ಟೆಂತ್ ಎಂದು ಕರೆಯುತ್ತಾರೆ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಇದಕ್ಕಾಗಿ 21 ಜಪಾನಿಯರ ವಿಚಾರಣೆ ನಡೆದು ಎಂಟು ಜನರಿಗೆ ಮರಣದಂಡನೆ ಆಯಿತು.

ರೆನಾಲ್ಡ್ಸ್ ಬೇರೆ ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದ. 1944ರಲ್ಲಿ ಜಪಾನಿಯರು ಅವನನ್ನು ಕೊಂದರು. ಅದೇ ವರ್ಷ ಲಯನ್ 22 ಜನರನ್ನು ಕಟ್ಟಿಕೊಂಡು ಮತ್ತೊಮ್ಮೆ ಸಿಂಗಾಪುರಕ್ಕೆ ಹೊರಟ, ಈ ಸಲ ಕ್ರೇಟ್ ಇಲ್ಲದೆ. ಒಬ್ಬನೂ ಬದುಕಿ ಬರಲಿಲ್ಲ. ದೋಣಿ ಮಾತ್ರ ಉಳಿಯಿತು.

ಕೆಲಸ ಇದ್ದದ್ದರಿಂದ ಉಳಿಯಿತು

ಯುದ್ಧ ಮುಗಿದ ಮೇಲೆ ಕ್ರೇಟನ್ನು ಮಾರಿದರು. ಬೋರ್ನಿಯೊದಲ್ಲಿ ಮರದ ದಿಮ್ಮಿ ವ್ಯವಹಾರದವರ ಕೈ ಸೇರಿತು. ಹೆಚ್ಚುಕಮ್ಮಿ 20 ವರ್ಷ ಅಲ್ಲಿ ದುಡಿಯಿತು. ಅದು ಇನ್ನೂ ಓಡುತ್ತಿದೆ ಅನ್ನೋ ಸುದ್ದಿ ಆಸ್ಟ್ರೇಲಿಯ ಮುಟ್ಟಿದಾಗ ಜನರಿಂದ ಹಣ ಎತ್ತಿ, ಕೊಂಡು, 1964ರಲ್ಲಿ ಸಿಡ್ನಿಗೆ ತಂದರು. ಮುಂದಿನ 20 ವರ್ಷ ಕರಾವಳಿ ರಕ್ಷಣೆಯ ಸ್ವಯಂಸೇವಕರು ಅದರಲ್ಲಿ ಹೊಸಬರಿಗೆ ತರಬೇತಿ ಕೊಟ್ಟರು. 1985ರಲ್ಲಿ ಆಸ್ಟ್ರೇಲಿಯದ ಯುದ್ಧ ಸ್ಮಾರಕ ಸಂಸ್ಥೆ ಅದನ್ನು ತೆಗೆದುಕೊಂಡಿತು. ಈಗ ಇರುವುದು ಡಾರ್ಲಿಂಗ್ ಹಾರ್ಬರ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿ.

ಗಮನಿಸಿ, ಯಾರೋ ಅಮೂಲ್ಯ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದ ಅದು ಉಳಿಯಲಿಲ್ಲ. ದಿನಾ ಕೆಲಸ ಇತ್ತು, ಕೆಲಸ ಇದ್ದದ್ದರಿಂದ ದಿನಾ ಒಬ್ಬರು ನೋಡಿಕೊಳ್ಳುತ್ತಿದ್ದರು.

ಮರದ ದೋಣಿಯ ಸ್ವಭಾವವೇ ಹಾಗೆ. ಅದನ್ನು ನೀರಿನಿಂದ ಎತ್ತಿ ದಡದಲ್ಲಿ ಇಟ್ಟರೆ ಸುರಕ್ಷಿತ ಅಂತ ನಮಗೆ ಅನ್ನಿಸತ್ತೆ. ಆಗೋದು ಉಲ್ಟಾ. ನೀರಿನಲ್ಲಿದ್ದಾಗ ಹಲಗೆಗಳು ನೆನೆದು ಉಬ್ಬಿ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಹಾಗಾಗಿ ಸೋರೋದಿಲ್ಲ. ಬಿಸಿಲಿಗೆ ಇಟ್ಟರೆ ಒಣಗಿ ಕುಗ್ಗಿ ಸಂದಿ ಬಿಡುತ್ತವೆ. ಮತ್ತೆ ನೀರಿಗೆ ಇಳಿಸಿದರೆ ಜರಡಿ. ನಮ್ಮಜ್ಜಿ ಬಾವಿ ಹತ್ತಿರದ ಮರದ ಬಾನಿಯಲ್ಲಿ ಯಾವಾಗಲೂ ಒಂದಿಷ್ಟು ನೀರು ಬಿಟ್ಟಿರುತ್ತಿದ್ದದ್ದು ಇದಕ್ಕೇ. ಹಾಗಂತ ಸದಾ ನೀರಲ್ಲೇ ಬಿಟ್ಟರೂ ಕಷ್ಟ. ಸಮುದ್ರದಲ್ಲಿ ಮರ ಕೊರೆಯುವ ಒಂದು ಜೀವಿ ಇದೆ. ಹಡಗಿನ ಹುಳ ಅಂತಾರೆ, ಆದರೆ ಹುಳ ಅಲ್ಲ, ಚಿಪ್ಪಿನ ಜಾತಿ. ಹೊರಗಿನಿಂದ ಸೂಜಿ ಚುಚ್ಚಿದಷ್ಟು ತೂತು ಕಾಣತ್ತೆ, ಒಳಗೆಲ್ಲ ಸುರಂಗ. ಮೇಲಿನಿಂದ ಮಳೆನೀರು ಇಳಿದು ಮೂಲೆಯಲ್ಲಿ ನಿಂತರೆ ಶಿಲೀಂಧ್ರ ಹಿಡಿದು ಮರ ಪುಡಿಯಾಗತ್ತೆ. ದೋಣಿಗೆ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಕಬ್ಬಿಣದ ಮೊಳೆ ತುಕ್ಕು ಹಿಡಿದರೆ ಸುತ್ತಲಿನ ಮರವನ್ನೂ ತಿನ್ನತ್ತೆ.

ಅದಕ್ಕೇ ವರ್ಷಕ್ಕೊಮ್ಮೆಯಾದರೂ ಮೇಲೆಳೆದು, ಕೆರೆದು, ಸಂದಿಗೆ ಹೊಸ ಹತ್ತಿ ಹುರಿ ತುರುಕಿ, ಬಣ್ಣ ಬಳಿದು, ಹೆಚ್ಚು ಒಣಗುವ ಮೊದಲೇ ನೀರಿಗೆ ಇಳಿಸಬೇಕು. ಕೊಳೆತ ಹಲಗೆಯನ್ನು ಕತ್ತರಿಸಿ ಹೊಸದನ್ನು ಓರೆಯಾಗಿ ಬೆಸೆಯಬೇಕು. ಹೀಗೆ 90 ವರ್ಷ ಮಾಡಿದ ಮೇಲೆ ಇದು ಅದೇ ದೋಣಿಯಾ ಅಂತ ಕೇಳಬಹುದು. ನಮ್ಮ ಕಂಪನಿಯ ಹಳೆ ರೆಪೊ ನೆನಪಾಗತ್ತೆ ನನಗೆ. 15 ವರ್ಷದ ಹಿಂದೆ ಬರೆದ ಒಂದು ಸಾಲೂ ಈಗ ಉಳಿದಿಲ್ಲ, ಆದರೂ ಅದೇ ಪ್ರಾಜೆಕ್ಟ್. ಯಾಕೆ? ಬದಲಾವಣೆಯ ಇತಿಹಾಸ ತುಂಡಾಗಿಲ್ಲ ಅದಕ್ಕೆ. ದೋಣಿಯದೂ ಅಷ್ಟೆ. ಯಾವ ಹಲಗೆ, ಯಾವಾಗ, ಯಾಕೆ ಬದಲಾಯಿತು ಅಂತ ಬರೆದಿಟ್ಟರೆ ಅದೇ ದೋಣಿ. ಬರೆದಿಡದಿದ್ದರೆ ಅದೇ ಆಕಾರದ ಇನ್ನೊಂದು ದೋಣಿ.

ರಿಸ್ಟೋರ್ ಪಾಯಿಂಟ್

ದಾಳಿಯ 75ನೇ ವರ್ಷವಾದ 2018ರ ಹೊತ್ತಿಗೆ ಕ್ರೇಟ್‌ಗೆ ದೊಡ್ಡ ಪ್ರಮಾಣದ ದುರಸ್ತಿ ಮುಗಿಯಿತು. ಗುರಿ ಸ್ಪಷ್ಟ ಇತ್ತು: ಜೇವಿಕ್‌ಗೆ ಹೊರಟಾಗ, 1943ರಲ್ಲಿ, ಹೇಗಿತ್ತೋ ಹಾಗೆ ಕಾಣಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಮಾತು. ಬ್ಯಾಕಪ್‌ನಿಂದ ರಿಸ್ಟೋರ್ ಮಾಡುವವರು ಮೊದಲು ಕೇಳೋ ಪ್ರಶ್ನೆ ಏನು? ಯಾವ ತಾರೀಖಿನದಕ್ಕೆ ಸಾರ್? ತಾರೀಖು ಹೇಳದೆ ರಿಸ್ಟೋರ್ ಅನ್ನೋದೇ ಇಲ್ಲ. ಒಂದು ತಾರೀಖು ಆರಿಸಿದ ತಕ್ಷಣ ಅದರ ನಂತರ ಸೇರಿದ್ದೆಲ್ಲ ಅಳಿಸಿಹೋಗತ್ತೆ. ಇದು ತಪ್ಪು ಅಂತ ಅಲ್ಲ, ಬೇರೆ ದಾರಿಯೂ ಇಲ್ಲ. ಒಂದು ದೋಣಿ ಒಂದೇ ಸಲ ಐದು ವೇಷ ಹಾಕಲಾರದು. ಆದರೆ ಆರಿಸಿದ್ದೇವೆ ಅನ್ನೋದು ನಮಗೆ ಗೊತ್ತಿರಬೇಕು.

1943ರ ಸೆಪ್ಟೆಂಬರ್‌ಗೆ ರಿಸ್ಟೋರ್ ಮಾಡಿದರೆ ಕಾಣೋದು 14 ವೀರರು. 1942ರ ಫೆಬ್ರವರಿಗೆ ಮಾಡಿದ್ದರೆ ಕಾಣುತ್ತಿದ್ದದ್ದು ಆ 1,100 ಜನ, ಮೀನಿನ ವಾಸನೆಯ ಡೆಕ್ ಮೇಲೆ ಒತ್ತಾಗಿ ಕೂತವರು. ಮಾರ್ಚ್ ಕೊನೆಗೆ ಮಾಡಿದ್ದರೆ ನಾಗಪಟ್ಟಿಣಂ ಸೇರಿದ ದಿನ. 1950ರ ದಶಕಕ್ಕೆ ಮಾಡಿದ್ದರೆ ಬೋರ್ನಿಯೊದ ದಿಮ್ಮಿ ಕೂಲಿಗಳು. ಡಬಲ್ ಟೆಂತ್‌ನ 15 ಜನರಂತೂ ದೋಣಿಯನ್ನು ಯಾವ ತಾರೀಖಿಗೆ ರಿಸ್ಟೋರ್ ಮಾಡಿದರೂ ಮರದಲ್ಲಿ ಕಾಣೋದಿಲ್ಲ. ಅವರು ಆ ದೋಣಿಯನ್ನು ನೋಡಿಯೇ ಇರಲಿಲ್ಲ. ಅವರನ್ನು ಮಾತಿನಲ್ಲಿ, ಬರಹದಲ್ಲಿ ಉಳಿಸಿಕೊಳ್ಳಬೇಕು ಅಷ್ಟೆ.

ಇನ್ನು ನಮ್ಮೂರಿನ ದಡಕ್ಕೆ

ಕ್ರೇಟ್ ಸಿಡ್ನಿ ತಲುಪಿದ್ದು 1964ರಲ್ಲಿ ಅಂದೆನಲ್ಲ. ಅದೇ 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ನಾನು ಸಾಗರ ತಾಲ್ಲೂಕಿನವನು, ಅಮ್ಮನ ತವರು ತುಮರಿ ಕಡೆ. ಹಿರೇಭಾಸ್ಕರ ಅಣೆಕಟ್ಟೆಯ ನೀರು ಮೊದಲೇ ಒಂದಿಷ್ಟು ಊರು ನುಂಗಿತ್ತು, ಲಿಂಗನಮಕ್ಕಿಯ ನೀರು ಆ ಅಣೆಕಟ್ಟೆಯನ್ನೇ ನುಂಗಿತು. ಕರೂರು, ಬಾರಂಗಿ ಹೋಬಳಿಯ ಜನಕ್ಕೆ ಸಾಗರ ಪೇಟೆ ಅನ್ನೋದು ಹಿನ್ನೀರಿನ ಆಚೆ ದಡ ಆಗಿಬಿಟ್ಟಿತು. ಇಡೀ ಕರ್ನಾಟಕಕ್ಕೆ ಕರೆಂಟು ಬಂತು, ಅವರಿಗೆ ಲಾಂಚು ಬಂತು.

ಹೊಳೆಬಾಗಿಲಿನ ಲಾಂಚು ನಿಮ್ಮಲ್ಲಿ ಎಷ್ಟೋ ಜನ ಹತ್ತಿರ್ತೀರಿ, ಸಿಗಂದೂರಿಗೆ ಹೋಗುವಾಗ. ಬಸ್ಸು, ಕಾರು, ಜನ, ಎಲ್ಲ ಒಟ್ಟಿಗೆ. 2025ರ ಜುಲೈ 14ಕ್ಕೆ ಅಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅವತ್ತು ನಮ್ಮ ಚೆನ್ನೈ ಕನ್ನಡಿಗರ ಗ್ರೂಪಿನಲ್ಲಿ ಎಲ್ಲರೂ ಲಾಂಚಿನ ಹಳೇ ಫೋಟೋ ಹಾಕಿದ್ದೇ ಹಾಕಿದ್ದು. ನಾನೂ ಹಾಕಿದೆ. ಆ ಗಾಳಿ, ಆ ನೀರು, ಮಂಡಕ್ಕಿ ತಿಂದದ್ದು, ಮುಳುಗಿದ ಮರದ ತುದಿಗಳು. ಒಂದು ಲಾಂಚನ್ನಾದರೂ ಉಳಿಸಬೇಕು ಅಂತ ದೊಡ್ಡ ಸ್ಟೇಟಸ್ ಬರೆದೆ.

ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಹೇಳಿದೆ, "ದೊಡ್ಡಮ್ಮ, ಲಾಂಚ್ ನಿಂತೋಯ್ತಲ್ಲ, ಬೇಜಾರಾಯ್ತು."

"ನಿಂಗ್ ಯಂತಕ್ಕೆ ಬೇಜಾರೋ?" ಅಂದರು. "ನಿಂಗೆ ಲಾಂಚು ಅಂದ್ರೆ ಬೇಸಿಗೆ ರಜೆ. ನಂಗೆ ಲಾಂಚು ಅಂದ್ರೆ ಕಡೇ ಟ್ರಿಪ್ಪು ಹೋದ್ಮೇಲಿನ ರಾತ್ರಿ."

ಅಜ್ಜನಿಗೆ ಎದೆನೋವು ಬಂದ ರಾತ್ರಿಯ ಕಥೆ ನನಗೆ ಗೊತ್ತಿತ್ತು, ಆದರೆ ಮನೆಯಲ್ಲಿ ಕೇಳಿ ಮರೆತ ಕಥೆಯ ಹಾಗೆ. ಸುತ್ತು ದಾರಿಗೆ ಗಾಡಿ ಸಿಗಲಿಲ್ಲ. ಅಜ್ಜನನ್ನು ಕಂಬಳಿ ಹೊದಿಸಿ ದಡಕ್ಕೆ ತಂದು, ಬೆಳಗಿನ ಮೊದಲ ಟ್ರಿಪ್ಪಿನವರೆಗೆ ಲಾಟೀನು ಇಟ್ಟುಕೊಂಡು ಕೂತಿದ್ದರು. ದೊಡ್ಡಮ್ಮನೇ ಕೂತಿದ್ದದ್ದು. ಆಗ ಅವರಿಗೆ 22 ವರ್ಷ. ಆಚೆ ದಡದ ದೀಪ ಕಾಣುತ್ತಿತ್ತಂತೆ. ಅಜ್ಜ ಉಳಿದರು. ಎಲ್ಲ ಮನೆಯಲ್ಲೂ ಹಾಗೆ ಆಗಲಿಲ್ಲ.

ಫೋನ್ ಇಟ್ಟ ಮೇಲೆ ಸ್ಟೇಟಸ್ ತೆಗೆದುಹಾಕಿದೆ. ನಾನು ಲಾಂಚನ್ನು ರಿಸ್ಟೋರ್ ಮಾಡಲು ಹೊರಟಿದ್ದು ನನ್ನ ಆರನೇ ಕ್ಲಾಸಿನ ಏಪ್ರಿಲ್ ತಿಂಗಳಿಗೆ. ಆ ತಾರೀಖಿನಲ್ಲಿ ದೊಡ್ಡಮ್ಮ ಇರಲೇ ಇಲ್ಲ.

ಊರು ಬಿಟ್ಟು ಬಂದ ನಾವೆಲ್ಲ ಇದನ್ನೇ ಮಾಡ್ತೀವೇನೋ ಅನ್ನಿಸತ್ತೆ. ನಾವು ಹೊರಟ ದಿನ ಊರು ಹೇಗಿತ್ತೋ ಅದೇ ನಮ್ಮ ರಿಸ್ಟೋರ್ ಪಾಯಿಂಟ್. ಹಂಚಿನ ಮನೆ ಕೆಡವಿ ತಾರಸಿ ಹಾಕಿಸಿದರೆ ನಮಗೆ ಸಿಟ್ಟು. ಸೋರುವ ಹಂಚಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಳೆಗಾಲ ಕಳೆದವರು ಅಲ್ಲೇ ಇದ್ದವರು.

ಹಾಗಾದರೆ ಲಾಂಚು ಉಳಿಸಬಾರದಾ? ಉಳಿಸಬೇಕು ಅಂತಲೇ ನನಗೆ ಈಗಲೂ ಅನ್ನಿಸತ್ತೆ. ನಮ್ಮ ಲಾಂಚುಗಳು ಕಬ್ಬಿಣದವು, ಮರದ ಕ್ರೇಟ್‌ನಷ್ಟು ಕಾಟ ಕೊಡೋದಿಲ್ಲ. ಆದರೂ ದಡಕ್ಕೆ ಕಟ್ಟಿ ಮರೆತರೆ ನಾಲ್ಕು ಮಳೆಗಾಲದಲ್ಲಿ ತುಕ್ಕಾಗತ್ತೆ. ಏನಾದರೂ ಕೆಲಸ ಕೊಟ್ಟು ಓಡಿಸುತ್ತಾ ಇಟ್ಟರೆ ಉಳಿಯತ್ತೆ, ಕ್ರೇಟ್ ಉಳಿದ ಹಾಗೆ. ಇದಕ್ಕೆ ಇರುವ ಸಮಯವೂ ಈಗಲೇ, ನಡೆಸಿದವರು, ಟಿಕೆಟ್ ಹರಿದವರು, ಹಗ್ಗ ಎಸೆದವರು ಇನ್ನೂ ಇರುವಾಗ. ಆದರೆ ಉಳಿಸುವಾಗ ಅದರ ಪಕ್ಕ ಎರಡು ಹೊತ್ತಿನ ಕಥೆ ಇರಬೇಕು. ಬೆಳಗಿನ ಟ್ರಿಪ್ಪಿನದು ಒಂದು, ಕಡೇ ಟ್ರಿಪ್ಪು ಹೋದ ಮೇಲಿನದು ಇನ್ನೊಂದು. ಸಿಡ್ನಿಯಲ್ಲಿ ಕ್ರೇಟ್ ನೋಡುವವರಿಗೆ ಡಬಲ್ ಟೆಂತ್ ಗೊತ್ತಿರಬೇಕು ಅಂತ ಕೇಳುವ ನಾನು, ನಮ್ಮ ಲಾಂಚಿಗೆ ಬೇರೆ ನ್ಯಾಯ ಹೇಳೋಕೆ ಆಗಲ್ಲ.

ನಾನು ಮಾಡಿದ ಕೆಲಸ ಚಿಕ್ಕದು. ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೂರಿಸಿಕೊಂಡು ಫೋನಿನಲ್ಲಿ 40 ನಿಮಿಷ ರೆಕಾರ್ಡ್ ಮಾಡಿಕೊಂಡೆ. ಮಧ್ಯೆ ಕುಕ್ಕರ್ ಸೀಟಿ ಇದೆ, ನಾಯಿ ಬೊಗಳಿದ್ದಿದೆ, ಇರಲಿ. ಫೈಲಿಗೆ ಹೆಸರು ಕೊಡುವಾಗ ತಾರೀಖು ಹಾಕಬೇಕಲ್ಲ, ರೆಕಾರ್ಡ್ ಮಾಡಿದ ದಿನ ಹಾಕಲಾ, ಅಜ್ಜನಿಗೆ ಎದೆನೋವು ಬಂದ ದಿನ ಹಾಕಲಾ ಅಂತ ದೊಡ್ಡಮ್ಮನನ್ನೇ ಕೇಳಿದೆ.

"ಎರಡೂ ಹಾಕು" ಅಂದರು.

ನಿಮ್ಮ ಮನೆಯಲ್ಲೂ ಲಾಂಚಿನ ಕಥೆ ಇದ್ದರೆ, ಮಂಜಿ, ಪಾತಿ, ತೆಪ್ಪ, ಹರಿಗೋಲು ಯಾವುದರದ್ದೇ ಆದರೂ, ಮುಂದಿನ ಸಲ ಊರಿಗೆ ಹೋದಾಗ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಚೆನ್ನಾಗಿದ್ದ ದಿನದ್ದನ್ನೂ ಕೇಳಿ, ಇನ್ನೊಂದನ್ನೂ ಕೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.